ಅತ್ತೆಯ ಹೊಟ್ಟೆಯೊಳಗಿನ ಮೂರು ಊರುಗಳು

ನಮ್ಮ ಅತ್ತೆಯ ಹೊಟ್ಟೆಯಲ್ಲಿ ಮೂರು ಊರುಗಳಿದ್ದವು ಎಂದರೆ ನೀವು ನಂಬುವುದಿಲ್ಲ. ನಾನೂ ಬಹಳ ದಿನ ನಂಬಿರಲಿಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಬಸ್ಸಿನ ದಾರಿಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಒಂದರ ಹಿಂದೆ ಒಂದು ನಿಂತಿವೆಯೋ, ಅಷ್ಟೇ ಅಚ್ಚುಕಟ್ಟಾಗಿ ಆಕೆಯ ಹೊಟ್ಟೆಯಲ್ಲೂ ನಿಂತಿದ್ದವು. ವ್ಯತ್ಯಾಸ ಒಂದೇ. ದಾರಿಯಲ್ಲಿ ಅವು ಜಗಳವಾಡುತ್ತಿರಲಿಲ್ಲ!

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಆಕೆಯ ಮಗನನ್ನೇ ನಾನು ಮದುವೆಯಾದೆ. ಹೀಗಾಗಿ ನನ್ನನ್ನು ಬೈಯುವುದಕ್ಕೆ ಆಕೆಗೆ ಎರಡೆರಡು ಕಡೆಯಿಂದ ಹಕ್ಕಿತ್ತು. ಎರಡನ್ನೂ ಧಾರಾಳವಾಗಿ ಬಳಸಿಕೊಂಡಳು. ಆಕೆ ಹೋಗಿ ಇದು ಮೂರನೆಯ ತಿಂಗಳು. ಮಾತಾಡಿಸಲು ಬರುವ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಕೂರುತ್ತಾರೆ. "ಆ ಗುಳಿಗಿ ಹಕೀಕತ್ತು ನೆನಪೈತೇನವ್ವಾ?" ಎಂದು ಯಾರಾದರೂ ಶುರು ಮಾಡುತ್ತಾರೆ. ಅರ್ಧ ತಾಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ. ಸತ್ತ ಮೇಲೂ ಹೀಗೆ ಮನೆ ತುಂಬ ನಗಿಸುವವರು ಎಷ್ಟು ಮಂದಿ ಇದ್ದಾರು? ನಾನು ಏಳನೆಯ ಇಯತ್ತೆವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆದರೂ ಮರೆಯುವ ಮುಂಚೆ ಬರೆದಿಡೋಣ ಎಂದು ಕೂತಿದ್ದೇನೆ.

ಅತ್ತೆಯ ಸೊಂಟದಲ್ಲಿ ಒಂದು ಎಲೆಯಡಿಕೆ ಸಂಚಿ ಇರುತ್ತಿತ್ತು. ಬಣ್ಣಬಣ್ಣದ ಬಟ್ಟೆಯ ತುಂಡು ಸೇರಿಸಿ ಹೊಲಿದದ್ದು. ಒಳಗೆ ನಾಲ್ಕು ಖಾನೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವೂ ಒಂದೇ ಖಾನೆಯಲ್ಲಿ ಒತ್ತೊತ್ತಾಗಿ ಉಸಿರು ಬಿಗಿಹಿಡಿದು ಬದುಕಬೇಕು. ಉಳಿದ ಮೂರು ಖಾನೆಗಳು ಔಷಧಕ್ಕೆ ಮೀಸಲು! ಯಾರಿಗೆ ಏನೇ ಆಗಲಿ, ಆಕೆಯ ಕೈ ಮೊದಲು ಸಂಚಿಗೆ ಹೋಗುತ್ತಿತ್ತು. ಅಲ್ಲಿಂದ ಒಂದು ಬೇರು, ಒಂದು ಪುಡಿ, ಒಂದು ಗುಳಿಗೆ, ಹೀಗೆ ಜೋಡಿಯಲ್ಲೋ ತ್ರಿವಳಿಯಲ್ಲೋ ಔಷಧ ಹೊರಡುತ್ತಿತ್ತು. ಒಂದೇ ಔಷಧ ಕೊಟ್ಟದ್ದನ್ನು ನಾನು ನೋಡಿಲ್ಲ.

"ಒಂದ ಸಾಕಲ್ಲತ್ತಿ?" ಎಂದು ಕೇಳಿದರೆ ಉತ್ತರ ಸಿದ್ಧವಿತ್ತು.

"ಒಂದ ಎತ್ತು ಹೂಡಿ ಗಳೆ ಹೊಡದೀಯೇನು? ಗುಳಿಗಿನೂ ಹಂಗ. ಒಂಟಿ ಬಿಟ್ಟರ ಒಳಗ ಅದಕ್ಕ ಗಾಬರಿ ಆಗತೈತಿ."

ಇಂಥ ಹೆಂಗಸಿಗೆ ಗುಂಡಿಗೆಯ ರೋಗ ಬಂತು.

ನಮ್ಮ ವಳಕಮದಿನ್ನಿಗೆ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬಿತ್ತಿ ಮೋಡ ನೋಡುತ್ತಿದ್ದ ನಾವು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬತ್ತ ನಾಟಿ ಮಾಡುವುದನ್ನು ಕಲಿತಿದ್ದೆವು. ಕಲಿಸಿದವರು ಪಕ್ಕದ ಕ್ಯಾಂಪಿಗೆ ಆಂಧ್ರದಿಂದ ಬಂದು ನೆಲೆಸಿದವರು. ಅತ್ತೆಯಂತೂ ಎಲ್ಲರಿಗಿಂತ ಮೊದಲು ಸೀರೆ ಕಚ್ಚೆ ಹಾಕಿ ಕೆಸರಿಗಿಳಿದವಳು. ಅಂಥವಳು ಒಂದು ವರ್ಷ ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ಕೂರತೊಡಗಿದಳು. ರಾತ್ರಿ ದಿಂಬಿನ ಮೇಲೆ ದಿಂಬು ಇಟ್ಟು ಒರಗಿಕೊಳ್ಳುತ್ತಿದ್ದಳು. ಕಾಲು ಎಷ್ಟು ಊದಿದವೆಂದರೆ ಬೆರಳಿಂದ ಒತ್ತಿದರೆ ಕುಳಿ ಬಿದ್ದು, ಹಾಗೇ ನಿಲ್ಲುತ್ತಿತ್ತು. ನಾನು, ನಮ್ಮ ಮನೆಯವರು ಇಬ್ಬರೂ ಸೇರಿ ಆಕೆಯನ್ನು ಲಿಂಗಸುಗೂರಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು.

ಡಾಕ್ಟರು ವಯಸ್ಸಾದವರು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಅವ್ವಾ, ನಿಮ್ಮ ಗುಂಡಿಗಿ ದಣದೈತಿ. ರಕ್ತ ಮುಂದ ದೂಡೂ ಶಕ್ತಿ ಅದಕ್ಕ ಕಮ್ಮಿ ಆಗೈತಿ. ಅದಕ್ಕ ನೀರು ಕಾಲಾಗ ನಿಂತೈತಿ."

ಅತ್ತೆ ತನ್ನ ಕಾಲನ್ನು ತಾನೇ ಒತ್ತಿ ನೋಡಿಕೊಂಡಳು. "ಹಂಗಾರ ನನ್ನ ಕಾಲಿಗೆ ಜವಳು ಹಿಡದೈತಿ ಅನ್ರಿ! ನಮ್ಮ ಕೆಳಗಿನ ಹೊಲಕ್ಕ ಹಿಡದಂಗ."

"ಬರೋಬ್ಬರಿ ಹೇಳಿದ್ರಿ," ಎಂದು ಡಾಕ್ಟರು ನಕ್ಕರು. "ಜವಳು ಹೊಲದಾಗ ಉಪ್ಪು ಮ್ಯಾಲ ಬರತೈತಿಲ್ಲ? ನಿಮಗೂ ಉಪ್ಪ ವೈರಿ. ಇವತ್ತಿನಿಂದ ಉಪ್ಪು ಬಂದ್."

ಆಮೇಲೆ ಎರಡು ಗುಳಿಗೆ ಕೊಟ್ಟರು. ಒಂದು, ನಿಂತ ನೀರನ್ನು ಮೂತ್ರದಲ್ಲಿ ಕಳಿಸುವ ನೀರಿನ ಗುಳಿಗೆ. ಇನ್ನೊಂದು, ಗುಂಡಿಗೆಗೆ ಬಲ ಕೊಡುವ ಗುಳಿಗೆ. ಅದು ಬಿಳಿಯದು, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರ ವಿಷಯದಲ್ಲಿ ಡಾಕ್ಟರು ನನ್ನ ಕಡೆ ತಿರುಗಿ ಬೆರಳೆತ್ತಿ ಹೇಳಿದರು.

"ತಂಗಿ, ನೀ ಓದಾಕ ಬಲ್ಲಾಕಿ, ಬರಕೋ. ಈ ಸಣ್ಣ ಗುಳಿಗಿ ಭಾಳ ಸಿಟ್ಟಿಂದು. ಅಳತಿ ಒಂದೀಟು ಹೆಚ್ಚಾದರ ಇದ ವಿಷ. ಶನಿವಾರ, ಐತವಾರ ಕೊಡಬ್ಯಾಡ. ನನಗ ಕೇಳದ ಇದರ ಸಂಗಾಟ ಬ್ಯಾರೆ ಯಾವ ಔಷಧಾನೂ ಬ್ಯಾಡ. ಊಟ ಸೇರಲಿಲ್ಲ, ವಾಂತಿ ಬಂದಂಗಾತು, ಕಣ್ಣಿಗೆ ಎಲ್ಲಾ ಹಳದಿ ಕಂಡ್ತು ಅಂದರ ಗುಳಿಗಿ ನಿಲ್ಲಿಸಿ ಸೀದಾ ಇಲ್ಲಿಗೆ ಬರಬೇಕು."

ನಾನು ಬರೆದುಕೊಂಡೆ. ಅತ್ತೆಯ ಕಿವಿಗೆ ಬಿದ್ದದ್ದು ಮಾತ್ರ ಶನಿವಾರ, ಐತವಾರ.

"ಗುಳಿಗಿಗೂ ಸೂಟಿ ಐತೇನ್ರಿ? ಹಂಗಾರ ಇದು ಸರಕಾರಿ ಗುಳಿಗಿ!"

ಊರಿಗೆ ಬಂದವಳೇ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ತನ್ನ ಗುಂಡಿಗೆಗೆ ಒಬ್ಬ ಗುಮಾಸ್ತನನ್ನು ನೇಮಿಸಿದ್ದಾರೆ, ವಾರಕ್ಕೆ ಎರಡು ದಿನ ರಜೆ ತೆಗೆದುಕೊಳ್ಳುತ್ತಾನೆ ಎಂದು. ಮೊದಲ ಸೋಮವಾರ ಆಕೆಯ ಅಂಗೈಯಲ್ಲಿ ಎರಡು ಬಿಳಿ ಗುಳಿಗೆ ಕಂಡು ಗಬಕ್ಕನೆ ಕೈ ಹಿಡಿದೆ.

"ಅತ್ತೀ, ಎರಡ್ಯಾಕ?"

"ಎರಡು ದಿನ ಕುಂತು ಆರಾಮ ಮಾಡ್ಯಾನಲ್ಲ ಆ ಗುಮಾಸ್ತ. ಇವತ್ತರ ಡಬಲ್ ದುಡೀಲಿ!"

ಅವತ್ತಿನಿಂದ ಗುಳಿಗೆಯ ಡಬ್ಬಿ ನನ್ನ ಸೊಂಟಕ್ಕೆ ಬಂತು. ಬೆಳಿಗ್ಗೆ ನಾನೇ ಎಣಿಸಿ ಕೊಡಬೇಕು, ನುಂಗಿ ನೀರು ಕುಡಿದು ಬಾಯಿ ತೆರೆದು ತೋರಿಸಬೇಕು. ನಾನು ಗೆದ್ದೆ ಎಂದುಕೊಂಡೆ. ಸಂಚಿಯ ಮೂರು ಖಾನೆಗಳು ಆಕೆಯ ಸೊಂಟದಲ್ಲೇ ಇವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಏಳನೆಯ ಇಯತ್ತೆಯ ಬುದ್ಧಿ ಅಷ್ಟೇ ನೋಡಿ!

ಉಪ್ಪಿನ ಕಥೆಯೂ ಹಾಗೆಯೇ. ನಾನು ಆಕೆಗೆಂದು ಬೇರೆ ಗಡಿಗೆಯಲ್ಲಿ ಸಪ್ಪೆ ಬೇಳೆ ಇಡುತ್ತಿದ್ದೆ. ಒಂದು ದಿನ ನೋಡಿದರೆ ರೊಟ್ಟಿಯ ಕೆಳಗೆ ಮಾವಿನಕಾಯಿ ಉಪ್ಪಿನಕಾಯಿ ಅಡಗಿ ಕುಳಿತಿದೆ.

"ಇದೇನತ್ತಿ?"

"ಡಾಕ್ಟರು ಉಪ್ಪು ಬ್ಯಾಡ ಅಂದಾರ. ಮಾವಿನಕಾಯಿ ಬ್ಯಾಡ ಅಂದಿಲ್ಲ."

"ಅದರಾಗ ಮುಷ್ಟಿಗಟ್ಟಲೆ ಉಪ್ಪು ನೀನ ಸುರದಿ!"

"ಸುರದು ಆರು ತಿಂಗಳಾತು. ಇಷ್ಟೊತ್ತಿಗೆ ಅದರ ಖಾರ ಇಳದಿರತೈತಿ ಬಿಡು."

ನೀರಿನ ಗುಳಿಗೆಯದು ಇನ್ನೊಂದು ಪುರಾಣ. ನಮ್ಮ ಮನೆಯವರು ಒಂದು ದಿನ ಕಾಲುವೆ ಒಡ್ಡಿನ ಮೇಲೆ ಹೆಗ್ಗಣದ ಬಿಲದಲ್ಲಿ ಕಾಲಿಟ್ಟು ಉಳುಕಿಸಿಕೊಂಡರು. ಹಿಮ್ಮಡ ಊದಿತು. ಮರುದಿನ ನೀರಿನ ಸರದಿಗಾಗಿ ಅರ್ಜಿ ಕೊಡಲು ಸಿಂಧನೂರಿನ ಕಚೇರಿಗೆ ಹೋಗಬೇಕು. ನಾನು ಡಬ್ಬಿ ತೆರೆದಿಟ್ಟು ಒಲೆ ಊದಲು ತಿರುಗಿದ್ದಷ್ಟೇ. ತಾಯಿಯ ಕರುಳು! ತನ್ನ ಊದಿದ ಕಾಲನ್ನು ಇಳಿಸಿದ ಗುಳಿಗೆ ಮಗನ ಕಾಲನ್ನೂ ಇಳಿಸಲಿ ಎಂದು ಒಂದನ್ನು ಚಹಾದ ಜೊತೆ ನುಂಗಿಸಿ ಕಳಿಸಿದಳು.

ಬಸ್ಸು ಮೂರು ಜಾಲಿಗಿಡಗಳ ಬಳಿ ನಿಂತಿತಂತೆ. ಮೂರನೆಯ ಸಲ ಡ್ರೈವರ್ ತಿರುಗಿ ನೋಡಿ, "ಏನ್ರೀ ಯಜಮಾನ್ರ, ಯಾರರ ಕಾಲುವಿ ಗೇಟ್ ಎತ್ಯಾರೇನು?" ಎಂದನಂತೆ. ಕಚೇರಿಯಲ್ಲಂತೂ ಕಾಲುವೆ ಸಾಹೇಬರು ಅರ್ಜಿ ಓದುವಷ್ಟರಲ್ಲಿ ಇವರು ನಾಲ್ಕು ಸಲ ಹೊರಗೆ ಹೋಗಿ ಬಂದರು. ಕೊನೆಗೆ ಸಾಹೇಬರೇ ಪೆನ್ನು ಕೆಳಗಿಟ್ಟು ಕೇಳಿದರಂತೆ: "ನಿಮಗ ನೀರು ಕಮ್ಮಿ ಆಗೈತೋ, ಹೆಚ್ಚಾಗೈತೋ?"

ಸಂಜೆ ಮನೆಗೆ ಬಂದವರು ಹೊಸ್ತಿಲಲ್ಲೇ ನಿಂತು ಕೂಗಿದರು.

"ಯವ್ವಾ, ನನಗೇನು ಕೊಟ್ಟಿ ಬೇ?"

"ಮೊದಲ ಬಾವು ಇಳದೈತೋ ಇಲ್ಲೋ ಹೇಳು."

"ಬಾವಿನ ಸಂಗಾಟ ನನ್ನ ಮರ್ಯಾದಿನೂ ಇಳೀತು!"

ನಗುತ್ತ ನಗುತ್ತ ನಾವು ಮೋಸ ಹೋದೆವು. ಅತ್ತೆ ಔಷಧ ಹಂಚುವುದನ್ನು ನೋಡಿ ನಕ್ಕೆವು. ತಾನೇ ಏನೇನು ನುಂಗುತ್ತಿದ್ದಾಳೆ ಎಂದು ಕೇಳಲಿಲ್ಲ.

ಕೇಳಿದ್ದರೂ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣ ಆಕೆಯ ಲಿಹಾಜು. ನಮ್ಮ ಕಡೆ ದೊಡ್ಡವರ ಮುಂದೆ ಕಾಯಬೇಕಾದ ಸಂಕೋಚಕ್ಕೆ, ಮರ್ಯಾದೆಗೆ ಹೀಗನ್ನುತ್ತಾರೆ. ಬೀಗರ ಮನೆಯಲ್ಲಿ ಉಣ್ಣುತ್ತ ಇನ್ನೊಬ್ಬ ಬೀಗರ ಹೋಳಿಗೆಯನ್ನು ಹೊಗಳಬಾರದು. ಒಬ್ಬ ಸ್ವಾಮಿಗಳ ಪಾದ ಹಿಡಿದು ಇನ್ನೊಬ್ಬ ಸ್ವಾಮಿಗಳ ಮಹಿಮೆ ಹೇಳಬಾರದು. ಅದೇ ರೀತಿ, ಒಬ್ಬ ವೈದ್ಯನ ಮುಂದೆ ಇನ್ನೊಬ್ಬ ವೈದ್ಯನ ಹೆಸರು ಎತ್ತಬಾರದು! ಎತ್ತಿದರೆ ಅವರ ಮನಸ್ಸು ನೊಂದುಕೊಳ್ಳುತ್ತದೆ, ನೊಂದ ಮನಸ್ಸಿನಿಂದ ಕೊಟ್ಟ ಔಷಧ ಹತ್ತುವುದಿಲ್ಲ. ಇದು ಅತ್ತೆಯ ನಂಬಿಕೆ. ಆಕೆಯೊಬ್ಬಳದೇ ಎಂದೇಕೆ ಹೇಳಲಿ? ನನ್ನ ತಾಯಿಯೂ ಹಾಗೇ ಇದ್ದಳು. ಊರಿನ ಅರ್ಧ ಮಂದಿ ಈಗಲೂ ಹಾಗೇ ಇದ್ದಾರೆ.

ಆದ್ದರಿಂದ ಅತ್ತೆ ಮೂರು ಊರಲ್ಲಿ ಮೂವರನ್ನು ಇಟ್ಟುಕೊಂಡಿದ್ದಳು, ಒಬ್ಬರಿಗೆ ಒಬ್ಬರ ಸುಳಿವು ಕೊಡದೆ. ಲಿಂಗಸುಗೂರಿನ ಡಾಕ್ಟರು ಗುಂಡಿಗೆಗೆ. ಮೊಣಕಾಲು ನೋವಿಗೆ ಸಿಂಧನೂರಿನಲ್ಲಿ ಒಬ್ಬ ಕಂಪೌಂಡರ್. ಸಂತೆಗೆ ಹೋದಾಗೊಮ್ಮೆ ಅವನಿಂದ ಕಾಗದದ ಪೊಟ್ಟಣದಲ್ಲಿ ನೋವಿನ ಗುಳಿಗೆ ತರುತ್ತಿದ್ದಳು. ಕೆಮ್ಮಿಗೆ ಮಸ್ಕಿಯಲ್ಲಿ ಬೇರು ಮಾರುವ ಒಬ್ಬ ಅಜ್ಜ. ಲಿಂಗಸುಗೂರಿನಿಂದ ಬರುವಾಗ ಮಸ್ಕಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. "ಕಾಲು ಜೋಮು ಹಿಡದಾವ, ಒಂದೀಟು ಅಡ್ಡಾಡಿ ಬರತೀನಿ," ಎಂದು ಇಳಿದು, ಅಜ್ಜನಿಂದ ಜ್ಯೇಷ್ಠಮಧುವಿನ ಬೇರು ಕಟ್ಟಿಸಿಕೊಂಡು ಬರುತ್ತಿದ್ದಳು. ಅಜ್ಜ ಕಿರುಬೆರಳಿನ ಉಗುರಿನಷ್ಟು ತುಂಡನ್ನು ನಾಲ್ಕು ದಿನ ಚಪ್ಪರಿಸು ಎಂದಿದ್ದನಂತೆ. ಬೇರು ಸಿಹಿ. ಸಪ್ಪೆ ಊಟದಿಂದ ಬೇಸತ್ತ ನಾಲಿಗೆ. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಅದನ್ನು ದವಡೆಯಲ್ಲಿಟ್ಟುಕೊಂಡೇ ಇರತೊಡಗಿದಳು. ನಾನು ಅಡಿಕೆ ಎಂದುಕೊಂಡೆ!

ಕಾಲು ಮತ್ತೆ ಊದಿದವು. ಲಿಂಗಸುಗೂರಿಗೆ ಹೋದೆವು. ಡಾಕ್ಟರು ನೀರಿನ ಗುಳಿಗೆಯನ್ನು ದಿನಕ್ಕೆ ಎರಡು ಮಾಡಿದರು. ಅತ್ತೆ ಸುಮ್ಮನೆ ತಲೆಯಾಡಿಸಿದಳು. ಸೊಂಟದಲ್ಲಿ ಸಂಚಿ, ಸಂಚಿಯಲ್ಲಿ ಸಿಂಧನೂರು, ಮಸ್ಕಿ.

ಅದು ಕಾರ್ತಿಕ ಮಾಸ. ಬತ್ತ ಇನ್ನೂ ಹಾಲುಗಾಳಿನಲ್ಲಿತ್ತು. ಕಾಲುವೆಯ ಒಡ್ಡಿನ ಮೇಲೆ ನಿಂತರೆ ಕಣ್ಣು ಹಾಯುವವರೆಗೂ ಹಸಿರು. ಅತ್ತೆ ಮಧ್ಯಾಹ್ನ ಕೋಲೂರಿಕೊಂಡು ಹೊಲದ ಕಡೆ ಹೋಗಿ ಬಂದಳು. ಬಂದವಳು ನಮಗೆ ಏನೂ ಹೇಳಲಿಲ್ಲ. ಸೀದಾ ಕೆಳಗಿನ ಓಣಿಗೆ ಹೋಗಿ ಕೊಯ್ಯುವ ಆಳುಗಳಿಗೆ ಬರಲು ಹೇಳಿಬಿಟ್ಟಳು.

ಮರುದಿನ ಹೊತ್ತು ಮೂಡುವಾಗ ನಮ್ಮ ಅಂಗಳದಲ್ಲಿ ಇಪ್ಪತ್ತು ಹೆಂಗಸರು, ಇಪ್ಪತ್ತು ಕುಡಗೋಲು! ಕ್ಯಾಂಪಿನಿಂದ ಅತ್ತೆಯ ಗೆಳತಿ ಒಬ್ಬಾಕೆಯೂ ಬಂದಿದ್ದಳು. ನಮಗೆ ನಾಟಿ ಕಲಿಸಿದವಳು ಆಕೆಯೇ. ಎಲ್ಲರೂ ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತೆವು. ಗದ್ದೆ ಗಿಳಿಯ ರೆಕ್ಕೆಯ ಹಾಗೆ ಹಸಿರಾಗಿತ್ತು.

"ಅಮ್ಮಗಾರೂ, ಇಂಕಾ ಪಚ್ಚಿಗಾ ಉಂದಿ ಕದಾ!" ಎಂದು ಕ್ಯಾಂಪಿನಾಕೆ ಹಸಿರು ತೆನೆಯೊಂದನ್ನು ಕಿತ್ತು ಅತ್ತೆಯ ಮುಖದ ಮುಂದೆ ಹಿಡಿದಳು.

"ಪಚ್ಚಿ ಅಂತ! ಹಸಿ ಎಲ್ಲೈತಿ? ಹಣ್ಣಾಗಿ ಉದುರೂ ಹಂಗಾಗೈತಿ. ನಿಮ್ಮೆಲ್ಲಾರ ಕಣ್ಣಿಗೇನಾಗೈತಿ?"

ನಮ್ಮ ಮನೆಯವರು ಕಾಳನ್ನು ಉಗುರಿನಿಂದ ಒತ್ತಿ, ಒಸರಿದ ಹಾಲನ್ನು ತೋರಿಸಿದರು. "ನೋಡು ಬೇ, ಹಾಲು."

"ಹಾಲಲ್ಲ, ಅರಿಶಿಣ ನೀರು," ಎಂದಳು ಅತ್ತೆ.

ಹೆಂಗಸರು ಬದುವಿನ ಮೇಲೇ ಕೂತು ನಕ್ಕರು. ಅತ್ತೆ ಇನ್ನೊಂದು ಹುಡುಗಾಟ ಕಟ್ಟಿದ್ದಾಳೆಂದೇ ಎಲ್ಲರ ಎಣಿಕೆ. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಅವರನ್ನೆಲ್ಲ ಮನೆಗೆ ಕರೆತಂದು, ಮಂಡಕ್ಕಿ ನೆನೆಸಿ ಮಂಡಾಳು ಒಗ್ಗರಣೆ ಮಾಡಿದೆ. ಅತ್ತೆಗೂ ಒಂದು ತಟ್ಟೆ, ಪಕ್ಕದಲ್ಲಿ ಉಪ್ಪಿನಕಾಯಿಯ ಒಂದು ಚೂರು. ಇವತ್ತೊಂದು ದಿನ ತಿನ್ನಲಿ ಎಂದು ನಾನೇ ಹಾಕಿದೆ.

ಅತ್ತೆ ತಟ್ಟೆಯನ್ನು ದೂಡಿದಳು. "ಬ್ಯಾಡವ್ವಾ. ಎರಡು ದಿನ ಆತು, ಏನ ಕಂಡ್ರೂ ಹೊಟ್ಟಿ ತೊಳಸತೈತಿ."

ಉಪ್ಪಿನಕಾಯಿ ಬೇಡ ಎಂದಳೆ? ನನ್ನ ನಗು ಅಲ್ಲೇ ನಿಂತಿತು. ಅಷ್ಟರಲ್ಲಿ ಆಕೆ ಒಲೆಯ ಪಕ್ಕ ಇದ್ದ ಉಪ್ಪಿನ ಬಟ್ಟಲನ್ನು ನೋಡಿ, ಬೈಯುವ ದನಿಯಲ್ಲಿ ಅಂದಳು:

"ಉಪ್ಪಿಗೆ ಯಾಕ ಅರಿಶಿಣ ಕಲಸೀದಿ? ಅಡಿಗಿ ಮಾಡೂದು ಮರತೇನು?"

ಬಟ್ಟಲಲ್ಲಿ ಬರಿಯ ಹರಳುಪ್ಪು ಇತ್ತು. ಬೆಳ್ಳಗೆ.

ಡಾಕ್ಟರು ಬೆರಳೆತ್ತಿ ಹೇಳಿದ್ದು ನನಗೆ ಆಗ ನೆನಪಾಯಿತು. ಕ್ಯಾಲೆಂಡರಿನ ಹಿಂದೆ ನಾನೇ ಬರೆದಿಟ್ಟಿದ್ದೆ. ಹಾಳೆ ತಿರುವಿ ಓದಿದೆ. ಊಟ ಸೇರದಿದ್ದರೆ. ವಾಂತಿ ಬಂದಂತಾದರೆ. ಹಳದಿ ಕಂಡರೆ.

ಅಂದಿನ ಬಸ್ಸು ಯಾವ ಜಾಲಿಗಿಡದ ಬಳಿಯೂ ನಿಲ್ಲಲಿಲ್ಲ. ಆದರೂ ಲಿಂಗಸುಗೂರು ಅಷ್ಟು ದೂರ ಇದೆ ಎಂದು ನನಗೆ ಅವತ್ತೇ ಗೊತ್ತಾಯಿತು. ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ಕಣ್ಣು ತೆರೆದು, "ಮಸ್ಕಿ ಗುಡ್ಡಕ್ಕೂ ಅರಿಶಿಣ ಬಂಡಾರ ಹಚ್ಯಾರೇನವ್ವಾ?" ಎಂದಳು. ನಾನು ಹೂಂ ಎಂದೆ.

ಡಾಕ್ಟರು ನಾಡಿ ಹಿಡಿದರು. ಗಡಿಯಾರ ನೋಡಿದರು. ಮತ್ತೆ ಹಿಡಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ನಾಡಿ ತಡವರಸಾಕತ್ತೈತಿ. ನನ್ನ ಗುಳಿಗಿ ಬಿಟ್ಟು ಮತ್ತೇನು ತಗೊಳ್ಳಾಕತ್ತೀರಿ ಅವ್ವಾ?"

ಅತ್ತೆ ಸೆರಗು ಬಾಯಿಗೆ ಹಿಡಿದು ಗೋಡೆ ನೋಡಿದಳು.

"ಏನಿಲ್ಲರಿ."

"ಖರೇ ಹೇಳ್ರಿ. ಸಿಟ್ಟು ಮಾಡೂದಿಲ್ಲ."

"ಏನಿಲ್ಲರಿ," ಎಂದಳು ಮತ್ತೆ. ಉಸಿರಾಡಲು ಕಷ್ಟಪಡುತ್ತಿದ್ದರೂ ಮರ್ಯಾದೆ ಬಿಡಲೊಲ್ಲಳು!

ನನಗೆ ಅಳು ಬಂತು. ಎಲ್ಲರೆದುರಿಗೇ ಆಕೆಯ ಸೊಂಟಕ್ಕೆ ಕೈ ಹಾಕಿ ಸಂಚಿ ಕಿತ್ತುಕೊಂಡೆ. ಸೊಸೆಯಾಗಿ ನಾನು ಮಾಡಿದ ಅತಿ ದೊಡ್ಡ ಉದ್ಧಟತನ ಅದು. ಮೇಜಿನ ಮೇಲೆ ಸುರಿದೆ. ಸಿಂಧನೂರಿನ ಪೊಟ್ಟಣ ಬಿತ್ತು. ಮಸ್ಕಿಯ ಬೇರಿನ ಕಟ್ಟು ಬಿತ್ತು. ಮೂರನೆಯ ಖಾನೆಯಿಂದ, ಸೋಡಾದ ಹಾಗೆ ನೊರೆಯೇಳುವ ಅಜೀರ್ಣದ ಪುಡಿಯೂ ಬಿತ್ತು. ಅದು ಎಲ್ಲಿಯದೆಂದು ಕೊನೆಯವರೆಗೂ ಹೇಳಲಿಲ್ಲ.

ಡಾಕ್ಟರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿದರು. ಮೊಣಕಾಲಿನ ಗುಳಿಗೆ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಅದಕ್ಕೇ ಕಾಲು ಮತ್ತೆ ಊದಿದ್ದು. ಅದು ತಿಳಿಯದೆ ಅವರು ನೀರಿನ ಗುಳಿಗೆ ಹೆಚ್ಚಿಸಿದರು. ನೀರಿನ ಗುಳಿಗೆ ನೀರನ್ನು ಹೊರಗೆ ಕಳಿಸುವಾಗ, ರಕ್ತದಲ್ಲಿ ಇರಲೇಬೇಕಾದ ಒಂದು ಬೇರೆ ಲವಣವನ್ನೂ ಎಳೆದುಕೊಂಡು ಹೋಗುತ್ತದೆ. ಇದು ನಾವು ತಿನ್ನುವ ಉಪ್ಪಲ್ಲ. ಜ್ಯೇಷ್ಠಮಧು ಅತಿಯಾದರೆ ಅದೂ ಅದೇ ಲವಣವನ್ನು ಹೊರಗೆ ಹಾಕುತ್ತದೆ, ಮೇಲೆ ನೀರನ್ನೂ ಕೂಡಿಸುತ್ತದೆ. ಆ ಲವಣ ಕಡಿಮೆಯಾದ ಮೈಯಲ್ಲಿ ಬಿಳಿ ಗುಳಿಗೆ ತನ್ನ ಅಳತೆಯಲ್ಲೇ ಇದ್ದರೂ ವಿಷವಾಗುತ್ತದೆ. ಇನ್ನು ನೊರೆ ಪುಡಿ ಎಂದರೆ ಲೋಟದಲ್ಲಿ ಕಲಸಿದ ಉಪ್ಪೇ ಸರಿ.

"ಮಸ್ಕಿ ಅಜ್ಜಂದು ತಪ್ಪಿಲ್ಲ. ಸಿಂಧನೂರಾವಗೂ ನನ್ನ ಗುಳಿಗಿ ಗೊತ್ತಿಲ್ಲ. ನನಗ ಅವರಿಬ್ಬರದೂ ಗೊತ್ತಿಲ್ಲ," ಎಂದು ಡಾಕ್ಟರು ಅತ್ತೆಯ ಕಡೆ ಬಾಗಿದರು. "ಯಾಕವ್ವಾ ಮುಚ್ಚಿಟ್ರಿ?"

"ನಿಮ್ಮ ಮುಂದ ಇನ್ನೊಬ್ಬರ ಹೆಸರು ತಗದರ ನಿಮಗೆ ಬ್ಯಾಸರ ಆಗಂಗಿಲ್ಲೇನ್ರಿ? ಲಿಹಾಜು ಬ್ಯಾಡೇನ್ರಿ?"

ಡಾಕ್ಟರು ಪೊಟ್ಟಣವನ್ನೂ ಬೇರಿನ ಕಟ್ಟನ್ನೂ ಅಕ್ಕಪಕ್ಕ ಇಟ್ಟರು.

"ಲಿಹಾಜು ದೊಡ್ಡದು ಅವ್ವಾ. ನಾವು ಮೂವರು ಒಬ್ಬರ ಮಾರಿ ಒಬ್ಬರು ನೋಡದಂಗ ಕಾದೀರಿ. ಆದರ ನಿಮ್ಮ ಹೊಟ್ಟ್ಯಾಗ ನಾವು ಮೂವರೂ ದಿನಾ ಭೆಟ್ಟಿ ಆಗಾಕತ್ತೀವಲ್ಲ!"

ಎಂಟು ದಿನ ಅಲ್ಲೇ ಇರಿಸಿಕೊಂಡರು. ಬಿಳಿ ಗುಳಿಗೆ ನಿಲ್ಲಿಸಿದರು, ನೀರಿನ ಗುಳಿಗೆ ನಿಲ್ಲಿಸಿದರು, ಕಳೆದ ಲವಣವನ್ನು ಔಷಧದ ನೀರಿನಲ್ಲಿ ಕುಡಿಸಿದರು. ಮೊದಲ ಮೂರು ದಿನ ನಾನು ಆಕೆಯ ಹಾಸಿಗೆಯ ಪಕ್ಕ ಕೂತು ಆಕೆಯ ಉಸಿರನ್ನೇ ಎಣಿಸಿದೆ. ಐದನೆಯ ದಿನ ಅತ್ತೆ ನರ್ಸಮ್ಮನನ್ನು ನೋಡಿ, "ನಿನ್ನ ಸೀರಿ ಬಿಳೇದೇನವ್ವಾ? ನಾನು ಇಷ್ಟು ದಿನ ಮದುಮಗಳು ಅಂತ ತಿಳಕೊಂಡಿದ್ದೆ," ಎಂದಳು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಂದೆ.

ಊರಿಗೆ ಬಂದ ಅತ್ತೆ ಬದಲಾಗಿದ್ದಳು. ಅಯ್ಯೋ, ಎಷ್ಟು ಬದಲಾದಳೆಂದರೆ ಹಳೆಯ ಅತ್ತೆಯೇ ವಾಸಿ ಎನಿಸಿತು! ಲಿಹಾಜು ಎಂಬುದನ್ನು ಮಸ್ಕಿಯ ಹಳ್ಳದಲ್ಲಿ ಬಿಟ್ಟು ಬಂದವಳ ಹಾಗೆ, ಕಂಡವರಿಗೆಲ್ಲ ತನ್ನ ಔಷಧದ ಪಟ್ಟಿ ಒಪ್ಪಿಸತೊಡಗಿದಳು. ಬಸ್ಸಿನ ಕಂಡಕ್ಟರಿಗೆ ಹೇಳಿದಳು. ಬಳೆಗಾರನಿಗೆ ಹೇಳಿದಳು. ಮಸ್ಕಿಯ ಅಜ್ಜನ ಮುಂದೆ ಹೋಗಿ ನಿಂತು ಲಿಂಗಸುಗೂರು, ಸಿಂಧನೂರು ಎರಡನ್ನೂ ಹೇಳಿದಳು. ಆ ಅಜ್ಜ ಕೈಮುಗಿದು, "ತಾಯಿ, ಮೊದಲ ಹೇಳಿದ್ದರ ನಾನು ಬೇರು ಕೊಡತಿದ್ದಿಲ್ಲ," ಎಂದು ಶುಂಠಿಯ ತುಂಡೊಂದನ್ನು ಕೈಯಲ್ಲಿಟ್ಟು, "ಇದನ್ನೂ ನಿಮ್ಮ ಡಾಕ್ಟರಿಗೆ ಕೇಳಿ ತಿನ್ನು," ಎಂದು ಕಳಿಸಿದ. ಗುಡಿಯಲ್ಲಿ ಪೂಜಾರಿ ತೀರ್ಥ ಕೊಡಲು ಬಂದರೆ ಅಂಗೈ ಹಿಂದಕ್ಕೆಳೆದುಕೊಂಡು, "ಇದರಾಗ ಏನೇನು ಹಾಕೀರಿ ಸ್ವಾಮಿ? ನಾನು ಲಿಂಗಸೂರು ಗುಳಿಗಿ ತಗೊಳ್ಳಾಕಿ," ಎಂದು ವಿಚಾರಣೆ ಮಾಡುತ್ತಿದ್ದಳು.

ಪೂಜಾರಿಯೂ ಬುದ್ಧಿವಂತ. "ತುಳಸಿ, ನೀರು, ಅಷ್ಟ ಅದಾವ್ರೀ ಅವ್ವ. ಉಪ್ಪಂತೂ ಇಲ್ಲ."

ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ಕಡಿಮೆ ಅಳತೆಯಲ್ಲಿ ಬಿಳಿ ಗುಳಿಗೆ ಮತ್ತೆ ಶುರುವಾಗಿತ್ತು. ಮತ್ತೆ ಹಳದಿ ಬಂದರೆ? ಹೇಳದೆ ಮುಚ್ಚಿಟ್ಟರೆ? ಅದಕ್ಕೆ ನಾನೊಂದು ಪರೀಕ್ಷೆ ಇಟ್ಟೆ. ದಿನಾ ಬೆಳಿಗ್ಗೆ ಗುಳಿಗೆ ಕೊಡುವ ಮುಂಚೆ ಅಂಗೈಯಲ್ಲಿ ನಾಲ್ಕು ಹರಳು ಉಪ್ಪು ಹಿಡಿದು ಆಕೆಯ ಕಣ್ಣ ಮುಂದೆ ಇಡುವುದು.

"ಅತ್ತೀ, ಇದು ಯಾವ ಬಣ್ಣ?"

ಅದರ ಹಿಂದಿನ ಹೆದರಿಕೆ ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಆಟವಾಡಿಸುತ್ತಿದ್ದಳು.

"ನಿನ್ನ ಗಂಡನ ಹಲ್ಲಿನ ಬಣ್ಣ."

ನಮ್ಮ ಮನೆಯವರು ತಂಬಾಕು ತಿನ್ನುವವರು. ನನ್ನ ಮುಖ ಬಿಳಿಚಿಕೊಂಡದ್ದು ನೋಡಿ, "ಮದುವಿ ಟೈಮಿನ ಹಲ್ಲು ಹೇಳಿದೆ. ಬಿಳೇದು, ಬಿಳೇದು! ಗುಳಿಗಿ ಕೊಡು," ಎನ್ನುವಳು.

ಇನ್ನೊಂದು ದಿನ: "ಕಣ್ಣಿಗೆ ಗೊತ್ತಾಗವಲ್ದು. ನಾಲಿಗಿ ಮ್ಯಾಲ ಒಂದು ಹರಳು ಹಾಕು, ಬರೋಬ್ಬರಿ ಬಣ್ಣ ಹೇಳತೀನಿ."

"ನಾಲಿಗಿಗೆ ಬಣ್ಣ ಗೊತ್ತಾಗತೈತೇನತ್ತಿ?"

"ನನ್ನ ನಾಲಿಗಿಗೆ ಗೊತ್ತಾಗತೈತಿ. ಅರವತ್ತು ವರ್ಷ ತಿಂದಾಕಿ ನಾನು. ಹಾಕಿ ನೋಡು."

ನಾನು ಹಾಕುತ್ತಿರಲಿಲ್ಲ. ಮುಷ್ಟಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. "ಜಿಪುಣಿ! ನಮ್ಮ ತಮ್ಮ ಹಿಂಗ ಜಿಪುಣ ಇದ್ದಿಲ್ಲವ್ವಾ," ಎಂದು ಹಿಂದಿನಿಂದ ಬೈಗುಳ ಬರುತ್ತಿತ್ತು. ಇದು ಒಂದು ದಿನದ ಮಾತಲ್ಲ, ನಾಲ್ಕು ವರ್ಷ. ನಾಲ್ಕು ಸುಗ್ಗಿ. ಪ್ರತಿ ಸುಗ್ಗಿಯಲ್ಲೂ ಕೊಯ್ಯುವ ಹೆಂಗಸರು, "ಅವ್ವಾ, ಈಗ ಬರೋಣೇನು? ಈಗರ ಹಣ್ಣಾಗೈತೇನು?" ಎಂದು ಕೆಣಕುತ್ತಿದ್ದರು. ಆಕೆ ನನ್ನನ್ನು ತೋರಿಸಿ, "ಆಕಿನ್ನ ಕೇಳ್ರಿ. ಬಣ್ಣದ ಖಾತೆ ಆಕೀದು," ಎನ್ನುತ್ತಿದ್ದಳು.

ದಣಿದ ಗುಂಡಿಗೆ ಎಷ್ಟು ದಿನ ದುಡಿದೀತು? ಈ ಸಲ ನೀರು ಕಾಲಿನಿಂದ ಹೊಟ್ಟೆಗೆ ಏರಿತು. ಡಾಕ್ಟರು ಲಿಂಗಸುಗೂರಿನಿಂದ ತಾವೇ ಬಂದರು. ಆಕೆಯ ಕೈ ಹಿಡಿದು ಬಹಳ ಹೊತ್ತು ಕೂತರು. ಹೋಗುವಾಗ ಅಂಗಳದಲ್ಲಿ ನನ್ನನ್ನು ಕರೆದು, "ತಂಗಿ, ನಾಲ್ಕು ವರ್ಷ ನೀ ಛಲೋ ಕಾದಿ. ಇನ್ನ ಗುಳಿಗಿ ಬ್ಯಾಡ. ಬಾಯಿಗೆ ಏನು ರುಚಿ ಅನಸತೈತೋ ಕೊಡು," ಎಂದರು.

ಮರುದಿನ ಬೆಳಿಗ್ಗೆ ಎದ್ದವಳು ರೂಢಿಯಂತೆ ಉಪ್ಪಿನ ಬಟ್ಟಲಿಗೆ ಕೈ ಹಾಕಿದೆ. ಗುಳಿಗೆಯೇ ಇಲ್ಲದ ಮೇಲೆ ಪರೀಕ್ಷೆ ಏಕೆ ಎಂದು ನೆನಪಾದದ್ದು ಆಕೆಯ ಪಕ್ಕ ಕೂತ ಮೇಲೆ. ಆಕೆಯ ಕಣ್ಣು ಮುಚ್ಚಿತ್ತು. ಉಸಿರು ಮೇಲೆ ಮೇಲೆ ಇತ್ತು. ಆದರೂ ಕೇಳಿದೆ.

"ಅತ್ತೀ, ಇದು ಯಾವ ಬಣ್ಣ?"

ಕಣ್ಣು ತೆರೆಯಲಿಲ್ಲ. ತುಟಿ ಸ್ವಲ್ಪ ಅಲುಗಿತು. ನಾನು ಒಂದು ಹರಳನ್ನು ತೆಗೆದು ಆಕೆಯ ನಾಲಿಗೆಯ ಮೇಲಿಟ್ಟೆ. ಸಣ್ಣದು, ಬತ್ತದ ಕಾಳಿನಷ್ಟೂ ಇರಲಿಲ್ಲ. ಅತ್ತೆ ಅದನ್ನು ಚಪ್ಪರಿಸಿದಳು. ಕರಗುವವರೆಗೂ ನಿಧಾನವಾಗಿ ಚಪ್ಪರಿಸಿದಳು. ಆಕೆಯ ಮುಖ ಅಷ್ಟು ಹಗುರಾದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಕಣ್ಣು ಮುಚ್ಚಿಕೊಂಡೇ ನನ್ನ ಕೈಯನ್ನು ತಡವಿ ಹಿಡಿದಳು.

"ಬಿಳೇದು ಐತವ್ವಾ," ಎಂದಳು. "ಹೆದರಬ್ಯಾಡ."